ಕಮಾನು ತಾಗಿದ ಮೇಲೆ ಸದ್ದು: ಕ್ವಾರ್ಟೆಟ್ ಚಿತ್ರೀಕರಣದಲ್ಲಿ ಸಿಂಕ್ ತಪ್ಪಿದರೆ ಹುಡುಕುವ ಬಗೆ

ತೊಂದರೆ ಕಂಡದ್ದು ಹೀಗೆ

ದಾವಣಗೆರೆಯ ವಿದ್ಯಾನಗರದಲ್ಲಿ ಒಂದು ಸಣ್ಣ ಸಭಾಂಗಣ. ಬೆಂಗಳೂರಿನಿಂದ ನಾಲ್ಕು ಜನ ಬಂದು ಸ್ಟ್ರಿಂಗ್ ಕ್ವಾರ್ಟೆಟ್ ನುಡಿಸಿದರು. ಎರಡು ಪಿಟೀಲು, ಪಿಟೀಲಿಗಿಂತ ತುಸು ದೊಡ್ಡದಾದ ಒಂದು ವಯೋಲಾ, ಕಾಲುಗಳ ನಡುವೆ ಇಟ್ಟು ನುಡಿಸುವ ಒಂದು ಚೆಲ್ಲೊ. ಕೃತಿ ಬೀಥೋವನ್ 1826ರಲ್ಲಿ ಬರೆದ ಓಪಸ್ 131, ಅಂದರೆ ಅವರ 131ನೇ ಸಂಖ್ಯೆಯ ಕೃತಿ. ಮೈಕ್‌ಸೆಟ್ ಇರಲಿಲ್ಲ. ಸದ್ದು ಹಾಳಾಗಬಾರದು ಅಂತ ಫ್ಯಾನ್‌ಗಳನ್ನೂ ನಿಲ್ಲಿಸಿದ್ದೆವು. ಏಪ್ರಿಲ್ ಸೆಕೆಯಲ್ಲಿ ಜನ ಬೆವರುತ್ತಾ ಕೂತು ಕೇಳಿದರು. ನಾವು ಮೂರು ಕ್ಯಾಮೆರಾ ಇಟ್ಟಿದ್ದೆವು. ಸದ್ದಿಗೆ ಬೇರೆ ರೆಕಾರ್ಡರ್, ಅದರ ಮೈಕ್ ವಾದಕರಿಂದ ಎರಡು ಮೀಟರ್ ದೂರದಲ್ಲಿ.

ಎಡಿಟಿಂಗ್‌ಗೆ ಕೂತಾಗ ಮೊದಲ ಇಪ್ಪತ್ತು ನಿಮಿಷ ಎಲ್ಲ ಸರಿ ಇದೆ ಅನ್ನಿಸಿತು. ಆಮೇಲೆ ಕಣ್ಣಿಗೆ ಏನೋ ಕಿರಿಕಿರಿ. ಕಮಾನು ತಂತಿಗೆ ತಾಗಿದ ಮೇಲೆ ಸದ್ದು ಬರುತ್ತಿದೆ. ಕೊನೆಯ ಭಾಗ ಬರುವ ಹೊತ್ತಿಗೆ, ಎಲ್ಲಿಂದಲೋ ಬರುವ ಸಂಗೀತಕ್ಕೆ ನಾಲ್ವರೂ ಸುಮ್ನೆ ಕೈ ಆಡಿಸುತ್ತಿರುವ ಹಾಗೆ ಕಾಣುತ್ತಿತ್ತು.

ನನ್ನ ಜೊತೆ ಕೆಲಸ ಮಾಡುವ ಹುಡುಗ ಮದುವೆ ವಿಡಿಯೋಗಳಲ್ಲಿ ಪಳಗಿದವನು. "ಅಣ್ಣಾ, ಸೌಂಡ್ ಎರಡು ಫ್ರೇಮ್ ಎಳೀಲಾ?" ಅಂದ. ಫ್ರೇಮ್ ಅಂದರೆ ವಿಡಿಯೋದ ಒಂದು ಬಿಡಿ ಚಿತ್ರ. ಎಳೆದ. ಶುರು ಚೆನ್ನಾಯಿತು, ಕೊನೆ ಮಾತ್ರ ಇನ್ನೂ ತಡ. ಕೊನೆಯಲ್ಲಿ ಸರಿಹೋಗುವ ಹಾಗೆ ಮತ್ತೆ ಎಳೆದ. ಶುರುವಿನಿಂದ ಹಾಕಿ ನೋಡಿ ಹೇಳಿದ: "ಕೊನೆ ಕೂತ್ರೆ ಶುರು ಕೆಡ್ತದಲ್ಲಣ್ಣಾ."

ಅವನ ಆ ಮಾತಿನಲ್ಲೇ ಅರ್ಧ ಉತ್ತರ ಇತ್ತು. ಸಿಂಕ್, ಅಂದರೆ ಚಿತ್ರಕ್ಕೂ ಸದ್ದಿಗೂ ಇರುವ ಹೊಂದಾಣಿಕೆ, ತಪ್ಪಿದೆ ಅಂದ ತಕ್ಷಣ ಯಾರೂ ಕ್ಲಿಪ್ಪನ್ನು ಎಳೆಯಬೇಡಿ. ಮೊದಲು ಎರಡು ಕಡೆ ಅಳೆಯಿರಿ. ಶುರುವಿನಲ್ಲಿ ಎಷ್ಟು ಅಂತರ, ಕೊನೆಯಲ್ಲಿ ಎಷ್ಟು ಅಂತರ. ಅಂತರ ಬೆಳೆಯುತ್ತಿದೆಯೋ ಇಲ್ಲವೋ ಅನ್ನುವುದು ಗೊತ್ತಾಗದೆ ಯಾವ ರಿಪೇರಿಯೂ ನಿಲ್ಲುವುದಿಲ್ಲ.

ಕ್ವಾರ್ಟೆಟ್‌ನಲ್ಲಿ ಇದು ಯಾಕೆ ಇಷ್ಟು ದೊಡ್ಡ ವಿಷಯ

ಮದುವೆ ವಿಡಿಯೋದಲ್ಲಿ ವಾಲಗದ ಸದ್ದು ಎರಡು ಫ್ರೇಮ್ ಆಚೀಚೆ ಆದರೆ ಯಾರ ಗಮನಕ್ಕೂ ಬರುವುದಿಲ್ಲ. ವಧುವಿನ ಮುಖಕ್ಕೋ ಹೂವಿನ ಮಂಟಪಕ್ಕೋ ಶಾಟ್ ಬದಲಿಸಿದರೆ ಮುಗಿಯಿತು. ಕ್ವಾರ್ಟೆಟ್‌ನಲ್ಲಿ ಹಾಗೆ ಮರೆಮಾಡಲು ಜಾಗ ಇಲ್ಲ. ಮರೆಮಾಡಲೂಬಾರದು.

ಈ ನಾಲ್ವರ ಎದುರು ಕೋಲು ಹಿಡಿದು ನಿಲ್ಲುವ ಸಂಗೀತ ನಿರ್ದೇಶಕ ಇರುವುದಿಲ್ಲ. ಮೊದಲ ಪಿಟೀಲಿನವರು ಕಮಾನು ಎತ್ತುತ್ತಾರೆ, ಉಸಿರು ಎಳೆಯುತ್ತಾರೆ. ಉಳಿದ ಮೂವರು ಅದನ್ನು ನೋಡುತ್ತಾರೆ. ನಾಲ್ಕು ಕಮಾನು ಒಟ್ಟಿಗೆ ಇಳಿಯುತ್ತವೆ. ಆ ಎತ್ತುವಿಕೆ, ಆ ಅರೆಕ್ಷಣದ ಮೌನ, ಆಮೇಲೆ ಸ್ವರ. ಸದ್ದು ಮಾತ್ರ ಬೇಕಿದ್ದರೆ ಒಳ್ಳೆಯ ಧ್ವನಿಮುದ್ರಣಗಳು ಬೇಕಾದಷ್ಟಿವೆ. ಚಿತ್ರ ತೆಗೆಯುವುದು ಆ ಅರೆಕ್ಷಣಕ್ಕಾಗಿ. ಸದ್ದು ಬೇಗ ಬಂದರೆ ಉಸಿರಿಗೆ ಮೊದಲೇ ಸ್ವರ ಹುಟ್ಟಿದ ಹಾಗಾಗುತ್ತದೆ. ತಡವಾದರೆ ಕಮಾನಿಗೂ ಸ್ವರಕ್ಕೂ ನಂಟೇ ಇಲ್ಲದ ಹಾಗೆ ಕಾಣುತ್ತದೆ.

ನಮ್ಮ ಕಚೇರಿಗಳಲ್ಲಿ ಮೃದಂಗ ಇರುತ್ತದೆ. ಬೆರಳು ಬಿದ್ದ ಕಡೆಯೆಲ್ಲ ಒಂದು ಗುರುತು. ಸಿಂಕ್ ನೋಡಲು ಬೇರೇನೂ ಬೇಡ. ಕ್ವಾರ್ಟೆಟ್‌ನಲ್ಲಿ ಹೊಡೆತದ ವಾದ್ಯವೇ ಇಲ್ಲ. ಕಮಾನು ಜಾರುತ್ತಾ ಸ್ವರ ಅರಳುತ್ತದೆ. ಎಲ್ಲಿ ಶುರುವಾಯಿತು ಅಂತ ಬೆರಳಿಟ್ಟು ತೋರಿಸುವುದು ಕಷ್ಟ. ಅದಕ್ಕೇ ತಪ್ಪು ಹುಡುಕುವ ಕೆಲಸವೂ ನಿಧಾನ.

ಎಷ್ಟು ತಪ್ಪಿದರೆ ಕಣ್ಣಿಗೆ ಗೊತ್ತಾಗುತ್ತದೆ? ಟಿವಿ ಪ್ರಸಾರಕ್ಕೆಂದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಕೊಟ್ಟ ಶಿಫಾರಸಿನಲ್ಲಿ ಇದಕ್ಕೆ ಅಂಕಿ ಇದೆ. ಸದ್ದು ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡ್ ಬೇಗ ಬಂದರೆ ನೋಡುಗರಿಗೆ ತಿಳಿಯುತ್ತದೆ. ತಡವಾದರೆ ಸುಮಾರು 125 ಮಿಲಿಸೆಕೆಂಡ್ ತನಕ ತಿಳಿಯುವುದಿಲ್ಲ. ಹೈಸ್ಕೂಲ್ ಮೈದಾನದ ಅಂಚಿನಲ್ಲಿ ನಿಂತು ಕ್ರಿಕೆಟ್ ನೋಡಿದವರಿಗೆ ಈ ವ್ಯತ್ಯಾಸ ಆಶ್ಚರ್ಯ ಅನ್ನಿಸುವುದಿಲ್ಲ. ಬ್ಯಾಟ್ ಬೀಸಿದ್ದು ಮೊದಲು ಕಾಣುತ್ತದೆ, 'ಟಕ್' ಆಮೇಲೆ ಕೇಳುತ್ತದೆ. 70 ಮೀಟರ್ ದೂರಕ್ಕೆ ಸೆಕೆಂಡಿನ ಐದನೇ ಒಂದು ಭಾಗ ತಡ. ಹುಟ್ಟಿದಾಗಿನಿಂದ ತಡವಾದ ಸದ್ದು ಕೇಳಿಯೇ ಅಭ್ಯಾಸ. ನೋಡುವ ಮೊದಲೇ ಬರುವ ಸದ್ದು ಈ ಲೋಕದಲ್ಲಿ ಇಲ್ಲ. ಈ ಎರಡು ಅಂಕಿ ನೆನಪಿರಲಿ, ರಿಪೇರಿಯ ಹೊತ್ತಿಗೆ ಬೇಕಾಗುತ್ತವೆ.

ಮೊದಲು ನಿಮ್ಮ ಹೆಡ್‌ಫೋನ್ ನೋಡಿ

ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು ಸಿಂಕ್ ನೋಡಬೇಡಿ. ಅದು ತಾನೇ ನೂರು, ಇನ್ನೂರು ಮಿಲಿಸೆಕೆಂಡ್ ತಡ ಮಾಡುತ್ತದೆ. ವೈರ್ ಇರುವುದನ್ನೇ ಹಾಕಿ. ಟಿವಿಯಲ್ಲಿ ನೋಡುತ್ತಿದ್ದರೆ ಟಿವಿ ಚಿತ್ರವನ್ನು ಸಂಸ್ಕರಿಸುವಾಗ ಚಿತ್ರವೇ ತಡವಾಗಬಹುದು. ಕಂಪ್ಯೂಟರ್ ಹಳೆಯದಾದರೆ ಕ್ಲಿಪ್ಪುಗಳನ್ನು ಸಾಲಾಗಿ ಜೋಡಿಸಿಟ್ಟ ಟೈಮ್‌ಲೈನ್ ಪ್ಲೇ ಆಗುವಾಗ ತಡವರಿಸುತ್ತದೆ. ಒಂದು ನಿಮಿಷದ ತುಣುಕನ್ನು ಎಕ್ಸ್‌ಪೋರ್ಟ್ ಮಾಡಿ ಬೇರೆ ಯಂತ್ರದಲ್ಲಿ ನೋಡಿ. ಅಲ್ಲೂ ತಪ್ಪು ಹಾಗೇ ಇದ್ದರೆ ಮುಂದೆ ಓದಿ.

ಶ್ರುತಿಯನ್ನೂ ಒಮ್ಮೆ ನೋಡಿಬಿಡಿ

ಕ್ವಾರ್ಟೆಟ್‌ನವರು ಶುರುವಿನಲ್ಲಿ 'ಎ' ಸ್ವರಕ್ಕೆ ಶ್ರುತಿ ಮಾಡಿಕೊಳ್ಳುತ್ತಾರೆ. ಅದು 440 ಹರ್ಟ್ಸ್ ಅಥವಾ ಅದರ ಆಸುಪಾಸು. ಮೊಬೈಲಿನ ಟ್ಯೂನರ್ ಆ್ಯಪ್ ಹಿಡಿದು ನಿಮ್ಮ ಟೈಮ್‌ಲೈನಿನ ಸದ್ದನ್ನು ಕೇಳಿಸಿ. 440ರ ಹತ್ತಿರ ತೋರಿಸಿದರೆ ಸರಿ. 479 ಅಥವಾ 404ರ ಹತ್ತಿರ ತೋರಿಸಿದರೆ ಸ್ಯಾಂಪಲ್ ರೇಟ್, ಅಂದರೆ ಸದ್ದನ್ನು ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತದೆ ಅನ್ನುವ ಲೆಕ್ಕ, ಅದಲುಬದಲಾಗಿದೆ. 44,100ರಲ್ಲಿ ಮುದ್ರಿಸಿದ್ದನ್ನು ಸಾಫ್ಟ್‌ವೇರ್ 48,000 ಅಂತ ಓದುತ್ತಿದೆ, ಇಲ್ಲವೇ ಅದರ ತಿರುಗು. ಆಗ ಇಡೀ ಕೃತಿ ಹೆಚ್ಚುಕಡಿಮೆ ಒಂದೂವರೆ ಸ್ವರಸ್ಥಾನ ಮೇಲೋ ಕೆಳಗೋ ಹೋಗಿರುತ್ತದೆ, ಸಿಂಕ್ ಪ್ರತಿ ನಿಮಿಷವೂ ಸೆಕೆಂಡುಗಟ್ಟಲೆ ಓಡುತ್ತದೆ. ಫೈಲನ್ನು ಸರಿಯಾದ ರೇಟಿನಲ್ಲಿ ಓದಿಸಿದರೆ ಸಾಕು.

ಅಳೆಯುವುದು ಎಲ್ಲಿ

ಇಲ್ಲಿ ಅವಸರ ಬೇಡ.

ಓಪಸ್ 131 ಶುರುವಾಗುವುದು ಒಂಟಿ ಪಿಟೀಲಿನಿಂದ, ಬಹಳ ನಿಧಾನವಾಗಿ, ಮೆಲ್ಲಗೆ. ಆ ಜಾಗದಲ್ಲಿ ಸಿಂಕ್ ಅಳೆದರೆ ಯಾರಾದರೂ ಮೋಸ ಹೋಗುತ್ತಾರೆ. ಕಮಾನು ಚಲಿಸಲು ಶುರು ಮಾಡಿದ ಫ್ರೇಮ್ ಯಾವುದು, ಸದ್ದು ಕೇಳಿಸಲು ಶುರುವಾದ ಬಿಂದು ಯಾವುದು, ಎರಡೂ ಮಸುಕು.

ಚೆಲ್ಲೊ ಇನ್ನೂ ಕಷ್ಟ. ಅದರ ಅತಿ ಕೆಳಗಿನ ತಂತಿ ಸುಮಾರು 65 ಹರ್ಟ್ಸ್. ಒಂದು ಕಂಪನಕ್ಕೇ 15 ಮಿಲಿಸೆಕೆಂಡ್ ಬೇಕು. ಕಮಾನಿನ ಹಿಡಿತಕ್ಕೆ ತಂತಿ ಸಿಕ್ಕಿ ಕಂಪನ ಹದಕ್ಕೆ ಬರಲು ಅಂಥ ಕೆಲವು ಸುತ್ತು ಆಗಬೇಕು. ಅಂದರೆ ಕಮಾನು ಓಡಿದ ಮೇಲೆ ಸ್ವರ ಬರುವುದು ಅಲ್ಲಿ ದೋಷವೇ ಅಲ್ಲ, ವಾದ್ಯ ಇರುವುದೇ ಹಾಗೆ. ಅದನ್ನು ನೋಡಿ ಸದ್ದು ತಡ ಅಂತ ಎಳೆದರೆ ಪಿಟೀಲುಗಳು ಬೇಗ ಆಗಿಬಿಡುತ್ತವೆ.

ಓಡುವ ಸ್ವರಗಳಲ್ಲೂ ಅಳೆಯಬೇಡಿ. ಒಂದೇ ಸಮನೆ ಕುಣಿಯುವ ಕಮಾನಿನಲ್ಲಿ ಒಂದು ಸ್ವರ ತಪ್ಪಿ ಮುಂದಿನ ಸ್ವರಕ್ಕೆ ಅಂಟಿಕೊಂಡರೂ ಕಣ್ಣಿಗೆ ಸರಿ ಅನ್ನಿಸುತ್ತದೆ. ಇದರಲ್ಲಿ ನಾನು ಒಂದು ಇಡೀ ಸಂಜೆ ಕಳೆದಿದ್ದೇನೆ.

ನಂಬಬಹುದಾದ ಗುರುತು ಪಿಟ್ಸಿಕಾಟೋ. ಕಮಾನು ಬಿಟ್ಟು ಬೆರಳಿನಲ್ಲಿ ತಂತಿ ಮೀಟುವುದು. ಬೆರಳು ತಂತಿಯನ್ನು ಬಿಟ್ಟ ಫ್ರೇಮ್ ಕಾಣುತ್ತದೆ. ಸದ್ದಿನ ಏರಿಳಿತದ ಗೆರೆಚಿತ್ರವಾದ ವೇವ್‌ಫಾರ್ಮ್‌ನಲ್ಲಿ ಅದೇ ಜಾಗದಲ್ಲಿ ಚೂಪಾದ ಏರು ಇರುತ್ತದೆ. ಹಂಗೇರಿಯ ಸಂಗೀತಗಾರ ಬಾರ್ಟೋಕ್ ಅವರ ನಾಲ್ಕನೇ ಕ್ವಾರ್ಟೆಟ್‌ನಲ್ಲಂತೂ ನಾಲ್ಕನೇ ಭಾಗ ಪೂರ್ತಿ ಮೀಟುವಿಕೆಯೇ. ಅದನ್ನು ಚಿತ್ರೀಕರಿಸುವವರು ಪುಣ್ಯವಂತರು. ಓಪಸ್ 131ರಲ್ಲಿ ಐದನೇ ಭಾಗ, ಆ ವೇಗದ ಪ್ರೆಸ್ಟೋ, ನಮಗೆ ನೆರವಾಯಿತು. ಅಲ್ಲಿ ಮೀಟಿದ ಸ್ವರ ಒಬ್ಬರಿಂದ ಒಬ್ಬರಿಗೆ ಜಿಗಿಯುತ್ತಾ ನಾಲ್ವರನ್ನೂ ಸುತ್ತುತ್ತದೆ. ನಮ್ಮ ಚಿತ್ರೀಕರಣದಲ್ಲಿ ಅದು 25ನೇ ನಿಮಿಷದ ಹತ್ತಿರ. ದೋಷ ಮೊದಲು ಎದ್ದು ಕಂಡದ್ದೂ ಅಲ್ಲೇ.

25 ಫ್ರೇಮ್ ವಿಡಿಯೋದಲ್ಲಿ ಒಂದು ಫ್ರೇಮ್ ಅಂದರೆ 40 ಮಿಲಿಸೆಕೆಂಡ್. ಕಣ್ಣಿನ ಅಳತೆ ಅದಕ್ಕಿಂತ ಸೂಕ್ಷ್ಮ ಆಗಲಾರದು. ಐದಾರು ಮೀಟುಗಳನ್ನು ಅಳೆದು ಸರಾಸರಿ ತೆಗೆಯಿರಿ.

ಅಂತರದ ಚಹರೆ

ಅಂತರ ಬೆಳೆಯುತ್ತಿದೆಯೇ ಅಂತ ನೋಡಲು ಕಣ್ಣು ಬೇಡ, ಕಿವಿಯ ಲೆಕ್ಕ ಸಾಕು. ಕ್ಯಾಮೆರಾದ ಒಳಮೈಕ್ ಒಂದು ಕಚ್ಚಾ ಸದ್ದನ್ನು ಮುದ್ರಿಸಿರುತ್ತದಲ್ವಾ? ಆ ಸದ್ದು ಆ ಕ್ಯಾಮೆರಾದ ಚಿತ್ರಕ್ಕೆ ಅಂಟಿಕೊಂಡೇ ಓಡುತ್ತದೆ. ಅದರ ವೇವ್‌ಫಾರ್ಮನ್ನು ರೆಕಾರ್ಡರಿನ ವೇವ್‌ಫಾರ್ಮ್ ಕೆಳಗೆ ಇಡಿ. ಶುರುವಿನಲ್ಲಿ ಏರಿಗೆ ಏರು ಕೂರಿಸಿ. ಆಮೇಲೆ ಹತ್ತು, ಇಪ್ಪತ್ತು, ಮೂವತ್ತು ನಿಮಿಷಕ್ಕೆ ಹೋಗಿ, ಹಿಗ್ಗಿಸಿ, ಎಷ್ಟು ಜರುಗಿದೆ ಅಂತ ಬರೆದುಕೊಳ್ಳಿ. ಮಿಲಿಸೆಕೆಂಡ್ ಲೆಕ್ಕದಲ್ಲಿ ಸಿಗುತ್ತದೆ.

ಹಾಲ್‌ನ ಹಿಂಬದಿಯಲ್ಲಿ ಇಟ್ಟ ನಮ್ಮ ಕ್ಯಾಮೆರಾಕ್ಕೆ ಬರೆದುಕೊಂಡ ಪುಟ ಹೀಗಿತ್ತು, ಮಿಲಿಸೆಕೆಂಡ್ ಲೆಕ್ಕದಲ್ಲಿ. ಶುರುವಿನಲ್ಲಿ 0. ಹತ್ತನೇ ನಿಮಿಷಕ್ಕೆ 30. ಇಪ್ಪತ್ತಕ್ಕೆ 60. ಮೂವತ್ತಕ್ಕೆ 90. ನಲವತ್ತಕ್ಕೆ 120. ನಿಮಿಷಕ್ಕೆ 3 ಮಿಲಿಸೆಕೆಂಡ್‌ನಂತೆ ನೇರ ಗೆರೆ.

ನೇರ ಗೆರೆ ಕಂಡರೆ ಎರಡು ಯಂತ್ರಗಳ ಗಡಿಯಾರ ಬೇರೆ ಅಂತ ಅರ್ಥ. ಎಲ್ಲ ಕ್ಯಾಮೆರಾ, ಎಲ್ಲ ರೆಕಾರ್ಡರ್ ಒಳಗೂ ಒಂದು ಸ್ಫಟಿಕದ ಗಡಿಯಾರ ಇರುತ್ತದೆ. ಸೆಕೆಂಡಿಗೆ 48,000 ಸಲ ಸದ್ದನ್ನು ಅಳೆಯಲು ಅದೇ ಲೆಕ್ಕ ಕೊಡುತ್ತದೆ. ಎರಡು ಸ್ಫಟಿಕ ಪೂರ್ತಿ ಒಂದೇ ಥರ ಓಡುವುದಿಲ್ಲ, ಬಿಸಿಯೂ ಅವನ್ನು ಸ್ವಲ್ಪ ಅಲುಗಿಸುತ್ತದೆ. ನಮ್ಮದರಲ್ಲಿ ವ್ಯತ್ಯಾಸ ಹತ್ತು ಲಕ್ಷಕ್ಕೆ 50. ಅಂದರೆ ಕ್ಯಾಮೆರಾ 48,000 ಎಣಿಸುವಷ್ಟರಲ್ಲಿ ರೆಕಾರ್ಡರ್ 48,002.4 ಎಣಿಸುತ್ತಿತ್ತು. ಕೇಳಲು ಏನೂ ಅಲ್ಲ. ನಲವತ್ತು ನಿಮಿಷಕ್ಕೆ ಮೂರು ಫ್ರೇಮ್. ಯಾವ ಯಂತ್ರದ್ದು ತಪ್ಪು ಅಂತ ಕೇಳಬೇಡಿ. ಮೂರನೆಯ ಗಡಿಯಾರ ಇಲ್ಲದೆ ಅದು ಗೊತ್ತಾಗುವುದಿಲ್ಲ, ಗೊತ್ತಾಗುವ ಅಗತ್ಯವೂ ಇಲ್ಲ.

ಈ ಕೃತಿಯೇ ಈ ದೋಷವನ್ನು ಹೊರಗೆ ಹಾಕಿತು ಅಂತ ನನಗೆ ಅನ್ನಿಸುತ್ತದೆ. ಬೀಥೋವನ್‌ಗೆ ಗುರುವಾಗಿದ್ದ ಹೈಡನ್ ಅವರ ಹೆಚ್ಚಿನ ಕ್ವಾರ್ಟೆಟ್‌ಗಳಲ್ಲಿ ನಾಲ್ಕು ಭಾಗ, ನಡುವೆ ಬಿಡುವು. ಒಂದು ಭಾಗ ಐದಾರು ನಿಮಿಷದ್ದಾದರೆ ಪ್ರತಿ ಬಿಡುವಿನಲ್ಲೂ ಹೊಸದಾಗಿ ಜೋಡಿಸುತ್ತೇವೆ, ಗಡಿಯಾರದ ಜಾರು ಕಾಣುವುದೇ ಇಲ್ಲ. ಓಪಸ್ 131ರಲ್ಲಿ ಏಳು ಭಾಗ, ಸುಮಾರು 40 ನಿಮಿಷ, ಎಲ್ಲೂ ನಿಲ್ಲಿಸದೆ ನುಡಿಸಬೇಕು. ಬೀಥೋವನ್ ಹಾಗೆ ಬರೆದಿದ್ದಾರೆ. ನಿಲ್ಲದ ಸಂಗೀತದಲ್ಲಿ ನಿಲ್ಲದ ಜಾರು.

ಇನ್ನು ಬೇರೆ ಚಹರೆಗಳು. 0, 0, 0 ಅಂತ ಬಂದು ಒಮ್ಮೆಲೇ 160ಕ್ಕೆ ಹಾರಿ ಅಲ್ಲೇ ನಿಂತರೆ ಅಲ್ಲಿ ನಾಲ್ಕು ಫ್ರೇಮ್ ಬಿದ್ದುಹೋಗಿವೆ. ಮೆಮೊರಿ ಕಾರ್ಡ್ ನಿಧಾನ ಇರಬಹುದು, ಕ್ಯಾಮೆರಾ ಬಿಸಿಯಾಗಿರಬಹುದು, ಇಲ್ಲವೇ ಫೈಲ್ ಒಡೆದ ಜಾಗ ಅದಾಗಿರಬಹುದು. 32 ಜಿಬಿ ತನಕದ ಕಾರ್ಡ್‌ಗಳಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ಸೆಕೆಂಡಿಗೆ 100 ಮೆಗಾಬಿಟ್ ಮುದ್ರಿಸುವ ಕ್ಯಾಮೆರಾದಲ್ಲಿ ಅದು ಆರು ನಿಮಿಷಕ್ಕೂ ಮೊದಲೇ ತುಂಬಿ ಹೊಸ ಫೈಲ್ ಶುರುವಾಗುತ್ತದೆ. ಹಾರು ಅಂಥ ಜೋಡಣೆಯ ಜಾಗದಲ್ಲೇ ಬಂದಿದ್ದರೆ ಕಾರಣ ಸಿಕ್ಕಿತು. ಅಲ್ಲಿ ಕತ್ತರಿಸಿ ಮುಂದಿನದನ್ನೆಲ್ಲ ಸರಿಸಿ.

0, 70, 20, 110, 60. ಹೀಗೆ ಏರಿಳಿದರೆ? ಚಿತ್ರದುರ್ಗದಿಂದ ಒಬ್ಬ ಹುಡುಗ ಫೋನ್ ಮಾಡಿದ್ದ.

"ಅಣ್ಣಾ, ಒಂದ್ಸಲ ಸೌಂಡ್ ಮುಂದೆ ಓಡ್ತದೆ, ಒಂದ್ಸಲ ಹಿಂದೆ ಬೀಳ್ತದೆ. ಯಾವ ಲೆಕ್ಕಾನೂ ಸಿಗ್ತಿಲ್ಲ."

"ಮೊಬೈಲಲ್ಲಿ ತೆಗ್ದಿದ್ದೀಯೇನಪ್ಪಾ?"

"ಹೂಂ ಅಣ್ಣಾ. ಕ್ಯಾಮೆರಾ ಸಿಗ್ಲಿಲ್ಲ."

ಮೊಬೈಲ್ ಬೆಳಕಿಗೆ ತಕ್ಕಂತೆ, ಬಿಸಿಗೆ ತಕ್ಕಂತೆ ಫ್ರೇಮ್ ವೇಗವನ್ನು ಕ್ಷಣಕ್ಷಣಕ್ಕೂ ಬದಲಿಸುತ್ತದೆ. ಎಡಿಟಿಂಗ್ ಸಾಫ್ಟ್‌ವೇರ್‌ಗೆ ಎಷ್ಟೋ ಸಲ ಅದು ಅರಗುವುದಿಲ್ಲ. ಟೈಮ್‌ಲೈನಿಗೆ ತರುವ ಮೊದಲೇ ಹ್ಯಾಂಡ್‌ಬ್ರೇಕ್‌ನಂಥ ಉಚಿತ ಸಾಫ್ಟ್‌ವೇರ್‌ನಲ್ಲಿ ಫ್ರೇಮ್ ವೇಗ ಒಂದೇ ಇರುವ ಹಾಗೆ ಬದಲಿಸಿಕೊಳ್ಳಲು ಹೇಳಿದೆ. ರಾತ್ರಿ ಹತ್ತಕ್ಕೆ ಮತ್ತೆ ಫೋನ್ ಮಾಡಿದ. ಸರಿಹೋಗಿತ್ತು.

ಬೆಳೆಯದ ಅಂತರ: ಎಲ್ಲರೂ ಮರೆಯುವ ದೂರ

ನಮ್ಮ ಹಿಂದಿನ ಕ್ಯಾಮೆರಾದಲ್ಲಿ ವೇವ್‌ಫಾರ್ಮ್ ಶುರುವಿನಲ್ಲಿ 0 ತೋರಿಸುತ್ತಿತ್ತು ಅಂದೆ. ಆದರೆ ಶ್ರುತಿ ಮಾಡುವಾಗ ಒಬ್ಬರು ತಂತಿ ಮೀಟಿದ್ದನ್ನು ಕಣ್ಣಿನಲ್ಲಿ ಅಳೆದರೆ ಆಗಲೇ ಒಂದೂವರೆ ಫ್ರೇಮ್ ತಡ. ಕಿವಿಯ ಲೆಕ್ಕ ಸರಿ, ಕಣ್ಣಿನ ಲೆಕ್ಕ ತಪ್ಪು. ಎರಡು ದೋಷ ಒಂದರ ಮೇಲೊಂದು ಕೂತಿವೆ ಅಂತ ಗೊತ್ತಾದದ್ದು ಇಲ್ಲಿ.

ಆ ಕ್ಯಾಮೆರಾ ವೇದಿಕೆಯಿಂದ 21 ಮೀಟರ್ ಹಿಂದೆ ಇತ್ತು. ಸೆಕೆ ಇರುವ ಹಾಲ್‌ನಲ್ಲಿ, 30 ಡಿಗ್ರಿ ಆಸುಪಾಸಿನಲ್ಲಿ, ಸದ್ದು ಸೆಕೆಂಡಿಗೆ ಸುಮಾರು 350 ಮೀಟರ್ ಹೋಗುತ್ತದೆ. 21 ಮೀಟರ್ ದಾಟಲು 60 ಮಿಲಿಸೆಕೆಂಡ್. ಬೆಳಕಿಗೆ ಅಷ್ಟು ಹೊತ್ತು ಬೇಡ. ಹಾಗಾಗಿ ಆ ಕ್ಯಾಮೆರಾದ ಕಚ್ಚಾ ಸದ್ದೇ ತನ್ನ ಚಿತ್ರಕ್ಕಿಂತ 60 ಮಿಲಿಸೆಕೆಂಡ್ ತಡ. ಸಾಫ್ಟ್‌ವೇರಿನ 'ಆಟೋ ಸಿಂಕ್' ಏನು ಮಾಡುತ್ತದೆ? ರೆಕಾರ್ಡರಿನ ಒಳ್ಳೆಯ ಸದ್ದನ್ನು ಆ ತಡವಾದ ಸದ್ದಿನ ಮೇಲೆ ನಿಖರವಾಗಿ ಕೂರಿಸುತ್ತದೆ. ಅದು ತನ್ನ ಕೆಲಸ ಸರಿಯಾಗಿಯೇ ಮಾಡಿದೆ. ಸದ್ದಿಗೆ ಸದ್ದು ಹೊಂದಿದೆ, ಕಮಾನಿಗೆ ಹೊಂದಿಲ್ಲ. ಪಕ್ಕದ ಕ್ಯಾಮೆರಾ ಐದು ಮೀಟರ್‌ನಲ್ಲಿ ಇತ್ತು, ಅದರ ತಡ 14 ಮಿಲಿಸೆಕೆಂಡ್ ಮಾತ್ರ. ಹಿಂದಿನದರಿಂದ ಪಕ್ಕದ್ದಕ್ಕೆ ಶಾಟ್ ಬದಲಾದಾಗಲೆಲ್ಲ ಕಮಾನು ಒಂದು ಫ್ರೇಮ್ ಜಿಗಿದ ಹಾಗೆ ಕಂಡದ್ದು ಇದರಿಂದ.

ದೂರ ಗೊತ್ತಿದ್ದರೆ ಲೆಕ್ಕ ಸುಲಭ. ಮೀಟರ್‌ಗೆ ಹೆಚ್ಚುಕಡಿಮೆ 3 ಮಿಲಿಸೆಕೆಂಡ್, 14 ಮೀಟರ್‌ಗೆ ಒಂದು ಫ್ರೇಮ್. ಟೇಪ್ ಹಿಡಿಯಿರಿ. ಮರೆತಿದ್ದರೆ ಹಾಲ್‌ಗೆ ಮತ್ತೆ ಹೋಗಿ ಅಳೆಯಿರಿ. ನಾವು ಹಾಗೇ ಮಾಡಿದೆವು. ಟೇಪಿನ ಲೆಕ್ಕಕ್ಕೂ ಮೀಟು ತೋರಿಸುವ ಅಂತರಕ್ಕೂ ತಾಳೆ ಆಗದಿದ್ದರೆ ಕ್ಯಾಮೆರಾ ಒಳಗೇ ಒಂದು ಸಣ್ಣ ತಡ ಇದೆ ಅಂತ ತಿಳಿಯಿರಿ, ಮೀಟನ್ನೇ ನಂಬಿ.

ಈಗ ಎರಡನ್ನೂ ಕೂಡಿಸಿ. ಶುರುವಿನಲ್ಲಿ 60, ನಿಮಿಷಕ್ಕೆ 3ರಂತೆ ಬೆಳೆದು ಕೊನೆಯಲ್ಲಿ 180. ಕಣ್ಣಿಗೆ ತಿಳಿಯುವ ಗಡಿ 125 ಅಂದೆನಲ್ಲ, ಅದನ್ನು ದಾಟುವುದು 22ನೇ ನಿಮಿಷದ ಹತ್ತಿರ. ಮೊದಲ ಇಪ್ಪತ್ತು ನಿಮಿಷ ಸರಿ ಇದೆ ಅಂತ ನಮಗೆ ಅನ್ನಿಸಿದ್ದಕ್ಕೆ ಕಾರಣ ಇದೇ. ಅದು ಸರಿ ಇರಲಿಲ್ಲ. ಶುರುವಿನಿಂದಲೇ ತಪ್ಪಿತ್ತು, ಕಣ್ಣಿಗೆ ಬಿದ್ದದ್ದು ಮಾತ್ರ ತಡವಾಗಿ.

ದೋಷ ಅಲ್ಲದ ದೋಷ

ಎಲ್ಲ ಸರಿ ಮಾಡಿದ ಮೇಲೂ ಒಂದು ಜಾಗದಲ್ಲಿ "ಹೊಂದ್ತಿಲ್ಲ ಅಣ್ಣಾ" ಅಂದ ಹುಡುಗ. ಅಳೆದೆವು, ಅಂತರ ಇರಲಿಲ್ಲ. ಪರದೆಯ ಮೇಲೆ ವಯೋಲಾ ಇತ್ತು. ಕಿವಿಗೆ ಮುಂದೆ ನಿಂತು ಕೇಳುತ್ತಿದ್ದದ್ದು ಮೊದಲ ಪಿಟೀಲು. ವಯೋಲಾದ ಕಮಾನು ತನ್ನದೇ ಒಳಸ್ವರದ ದಾರಿಯಲ್ಲಿ ಹೋಗುತ್ತಿತ್ತು, ಕಣ್ಣು ಅದಕ್ಕೆ ಪಿಟೀಲಿನ ಸ್ವರವನ್ನು ಹೊಂದಿಸಲು ಒದ್ದಾಡುತ್ತಿತ್ತು.

ನಮ್ಮ ಕಚೇರಿಯಲ್ಲಿ ಪಕ್ಕವಾದ್ಯದ ಪಿಟೀಲು ಹಾಡುಗಾರರನ್ನು ಹಿಂಬಾಲಿಸುತ್ತದೆ. ಕ್ವಾರ್ಟೆಟ್‌ನಲ್ಲಿ ಹಾಗಿಲ್ಲ, ನಾಲ್ಕು ದನಿ ನಾಲ್ಕು ಮಾತು ಆಡುತ್ತವೆ. ಇಂಥ ಕಡೆ ಸಿಂಕ್ ಮುಟ್ಟಬೇಡಿ. ಶಾಟ್ ಬದಲಿಸುವ ಮೊದಲು ಆ ಒಳದನಿಯನ್ನು ಒಂದೆರಡು ಸಲ ಕೇಳಿ ಗುರುತು ಮಾಡಿಕೊಳ್ಳಿ. ಅದು ಎದ್ದು ಬರುವ ಕ್ಷಣದಲ್ಲಿ ಆ ವಾದಕರ ಕೈಗೆ ಹೋಗಿ. ಆಗ ನೋಡುವವರ ಕಿವಿಯೂ ವಯೋಲಾದ ಹಿಂದೆ ಹೋಗುತ್ತದೆ. ಕಚೇರಿಯಲ್ಲಿ ಕೂತವರಿಗೆ ಸುಲಭವಾಗಿ ಸಿಗದ ಒಂದು ದನಿಯನ್ನು ಚಿತ್ರ ತೋರಿಸಿಕೊಡುತ್ತದೆ. ಈ ಕೆಲಸದಲ್ಲಿ ನನಗೆ ಅತಿ ಹೆಚ್ಚು ಇಷ್ಟವಾಗುವುದು ಇದೇ. ಸಾಧ್ಯವಾದರೆ ಸ್ವರಲಿಪಿ ತೆರೆದಿಟ್ಟುಕೊಂಡು ಎಡಿಟ್ ಮಾಡಿ. ಪಾಶ್ಚಾತ್ಯ ಲಿಪಿ ಓದಲು ಬರದಿದ್ದರೂ ಯಾವ ಸಾಲಿನಲ್ಲಿ ಗುರುತು ಜಾಸ್ತಿ ಇದೆ ಅಂತ ಕಾಣುತ್ತದಲ್ಲ, ಅಷ್ಟಾದರೂ ದಾರಿ ತೋರಿಸುತ್ತದೆ.

ಸರಿಪಡಿಸುವುದು

ಕ್ಯಾಮೆರಾ ಒಂದೇ, ಶಾಟ್ ಕತ್ತರಿಸದೆ ಇಡೀ ಕೃತಿ ಓಡುತ್ತದೆ ಅನ್ನುವುದಾದರೆ ಸದ್ದಿನ ಉದ್ದವನ್ನೇ ಸರಿ ಮಾಡಬೇಕು. ನಮ್ಮ ಲೆಕ್ಕಕ್ಕೆ ವೇಗ 100.005 ಪ್ರತಿಶತ. ಕೆಲವು ವಿಡಿಯೋ ಸಾಫ್ಟ್‌ವೇರ್ ಎರಡು ದಶಾಂಶಕ್ಕಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ. ಆಗ ಆಡಿಯೋ ಸಾಫ್ಟ್‌ವೇರ್‌ನಲ್ಲಿ ಉದ್ದವನ್ನು ಸ್ಯಾಂಪಲ್ ಲೆಕ್ಕದಲ್ಲಿ ಕೊಡಿ: 40 ನಿಮಿಷಕ್ಕೆ 11,52,00,000 ಸ್ಯಾಂಪಲ್, ಅದರಲ್ಲಿ 5,760 ಕಡಿಮೆ. 'ಪಿಚ್ ಉಳಿಸು' ಅನ್ನುವ ಆಯ್ಕೆಯನ್ನು ಆಫ್ ಮಾಡಿ. ಅದು ಸದ್ದನ್ನು ಚೂರು ಮಾಡಿ ಮತ್ತೆ ಹೊಲಿಯುತ್ತದೆ, ಕಮಾನು ತಂತಿಗೆ ಕಚ್ಚುವ ಆ ಚೂಪು ಮಾಯವಾಗುತ್ತದೆ. ಇಷ್ಟು ಸಣ್ಣ ಬದಲಾವಣೆಯಿಂದ ಶ್ರುತಿ ಒಂದು ಸ್ವರಸ್ಥಾನದ ಸಾವಿರದ ಒಂದು ಭಾಗದಷ್ಟೂ ಏರುವುದಿಲ್ಲ. ವೇಗ ಸರಿಯಾದ ಮೇಲೆಯೇ ದೂರದ ತಡವನ್ನು ತೆಗೆಯಿರಿ. ಬೆಳೆಯುವ ಅಂತರ ಮೊದಲು, ಬೆಳೆಯದ್ದು ಆಮೇಲೆ. ತಿರುಗಿ ಮಾಡಿದರೆ ಎರಡೆರಡು ಸಲ ಕೆಲಸ.

ಎರಡು ಮೂರು ಕ್ಯಾಮೆರಾ ಇದ್ದರೆ ನನ್ನ ಅಭಿಪ್ರಾಯ ಬೇರೆ. ಸದ್ದನ್ನು ಮುಟ್ಟಲೇಬೇಡಿ. ನಾಲ್ಕು ಜನ ಬೆವರು ಸುರಿಸಿ ನುಡಿಸಿದ್ದು ಅದು, ಒಂದು ಸ್ಯಾಂಪಲ್ ಕೂಡ ಅಲುಗದೆ ಇರಲಿ. ಶಾಟ್‌ಗಳು ಹೇಗೂ ಬದಲಾಗುತ್ತವೆ. ಪ್ರತಿ ಶಾಟನ್ನು ಅದರ ಜಾಗಕ್ಕೆ ಸರಿಯಾಗಿ ಒಂದೋ ಎರಡೋ ಫ್ರೇಮ್ ಸರಿಸಿ. ಹತ್ತು ನಿಮಿಷದ ಶಾಟ್ ಆದರೂ ಒಳಗಿನ ಜಾರು 30 ಮಿಲಿಸೆಕೆಂಡ್, ಒಂದು ಫ್ರೇಮಿಗಿಂತ ಕಡಿಮೆ. ಯಾರಿಗೂ ತಿಳಿಯುವುದಿಲ್ಲ.

ಸದ್ದು ತಡ ಇದ್ದರೆ ಚಿತ್ರವನ್ನು ಟೈಮ್‌ಲೈನಿನಲ್ಲಿ ಬಲಕ್ಕೆ ಸರಿಸಬೇಕು. ಎಷ್ಟು? ಶುರುವಿನಲ್ಲಿ 60 ಅಂದರೆ ಒಂದೂವರೆ ಫ್ರೇಮ್. ಅರ್ಧ ಫ್ರೇಮ್ ಸರಿಸಲು ಬರುವುದಿಲ್ಲ. ಇಲ್ಲಿ ಎರಡಕ್ಕಿಂತ ಒಂದನ್ನೇ ಆರಿಸಿ. 20 ಮಿಲಿಸೆಕೆಂಡ್ ತಡ ಉಳಿಯಲಿ, ಬೇಗ ಆಗುವುದು ಬೇಡ. ಕಣ್ಣು ಯಾವುದನ್ನು ಸಹಿಸುತ್ತದೆ ಅಂತ ಮೇಲೆ ಹೇಳಿದೆನಲ್ಲ. ಕೊನೆಯ 180ಕ್ಕೆ ನಾಲ್ಕು ಫ್ರೇಮ್, ಉಳಿಯುವುದು ಮತ್ತೆ 20. ಪ್ರೆಸ್ಟೋ ಬರುವ 25ನೇ ನಿಮಿಷದಲ್ಲಿ 135 ಇತ್ತು, ಮೂರು ಫ್ರೇಮ್ ಸರಿಸಿದೆವು. ಪ್ರತಿ ಕ್ಯಾಮೆರಾಕ್ಕೂ ತನ್ನದೇ ಗಡಿಯಾರ, ತನ್ನದೇ ದೂರ. ಆದ್ದರಿಂದ ಒಂದೊಂದಕ್ಕೂ ಬೇರೆ ಪುಟ ಮಾಡಿಕೊಳ್ಳಿ.

ಮುಂದಿನ ಸಲಕ್ಕೆ

ಜನ ಕೂತ ಮೇಲೆ ವೇದಿಕೆಗೆ ಹೋಗಿ ಸಿಂಕ್ ಗುರುತಿಗಾಗಿ ಕ್ಲಾಪ್ ಹೊಡೆಯುವುದು ಚೆನ್ನಾಗಿರುವುದಿಲ್ಲ. ವಾದಕರನ್ನೇ ಕೇಳಿಕೊಳ್ಳಿ. ಶ್ರುತಿ ಮಾಡಿಕೊಳ್ಳುವಾಗ ಒಬ್ಬರು ಕ್ಯಾಮೆರಾಗಳಿಗೆ ಕಾಣುವ ಹಾಗೆ ಒಂದು ತಂತಿ ಮೀಟಲಿ. ಕೃತಿ ಮುಗಿದು ಚಪ್ಪಾಳೆ ನಿಂತ ಮೇಲೆ ಏಳುವ ಮೊದಲು ಇನ್ನೊಮ್ಮೆ ಮೀಟಲಿ. ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ, ನಮ್ಮ ನಾಲ್ವರು ಅಭ್ಯಾಸದ ಹೊತ್ತಿನಲ್ಲೇ ಖುಷಿಯಿಂದ ಒಪ್ಪಿದ್ದರು. ಆ ಎರಡು ಮೀಟುಗಳ ನಡುವೆ ಯಾವ ಯಂತ್ರವನ್ನೂ ನಿಲ್ಲಿಸಬೇಡಿ. ಶುರುವಿನ ಗುರುತು ಒಂದೇ ಸಾಲದು. ಟೈಮ್‌ಕೋಡ್ (ಪ್ರತಿ ಫ್ರೇಮಿಗೂ ಯಂತ್ರ ಬರೆಯುವ ಸಮಯದ ಗುರುತು) ಇದ್ದವರಿಗೂ ಇದು ಬೇಕು. ಶುರುವಿಗೆ ಮಾತ್ರ ಹೊಂದಿಸಿದ ಟೈಮ್‌ಕೋಡ್ ಗಡಿಯಾರಗಳ ಓಟವನ್ನು ಹಿಡಿದಿಡುವುದಿಲ್ಲ.

ರೆಕಾರ್ಡರಿನಿಂದ ಒಂದು ವೈರನ್ನು ಹಿಂದಿನ ಕ್ಯಾಮೆರಾಗೆ ಎಳೆದರೆ ದೂರದ ತೊಂದರೆ ಇರುವುದಿಲ್ಲ. ಕಚ್ಚಾ ಸದ್ದು ಹತ್ತಿರದ ಮೈಕಿನದೇ ಆಗುತ್ತದೆ. ದೂರದಿಂದ ಕೇಳುವ ರೈಲಿನ ಹಾರನ್, ಬಾಗಿಲು ಬಡಿದ ಸದ್ದು, ಇವನ್ನು ಗುರುತಾಗಿ ಬಳಸಬೇಡಿ. ದಾವಣಗೆರೆಯಲ್ಲಿ ಹಳಿ ಊರ ನಡುವೆಯೇ ಇರುವುದರಿಂದ ಹಾರನ್ ಯಾವ ಮುದ್ರಣದಲ್ಲೂ ಸಿಗುತ್ತದೆ, ಆದರೆ ಅದು ಒಂದೊಂದು ಮೈಕಿಗೆ ಒಂದೊಂದು ಹೊತ್ತಿಗೆ ತಲುಪುತ್ತದೆ.

ಕೆಲಸ ಮುಗಿದ ಮೇಲೆ ಮೂಲ ಫೈಲುಗಳ ಜೊತೆಗೇ ಅಳತೆಯ ಪುಟವನ್ನೂ ಇಡಿ. ನಮ್ಮ ಫೋಲ್ಡರ್‌ನಲ್ಲಿ ಈಗ ಹೀಗಿದೆ: ಹಿಂದಿನ ಕ್ಯಾಮೆರಾ, 21 ಮೀಟರ್, ಶುರು 60, ನಿಮಿಷಕ್ಕೆ 3, ಚಿತ್ರ ಬಲಕ್ಕೆ. ಅದರ ಕೆಳಗೆ ಹುಡುಗ ತನ್ನ ಕೈಯಾರೆ ಸೇರಿಸಿದ್ದಾನೆ: ಪ್ರೆಸ್ಟೋ, ಚೆಲ್ಲೊ ಮೀಟು, ಬೆರಳು ಬಿಟ್ಟಾಗ ಸದ್ದು ಇದೆ, ನೋಡಿದ್ದೇನೆ.